ಒಂದೂವರೆ ಇಂಚು

ಮಾರ್ಚ್ 3, ಸೋಮವಾರ

ಯುದ್ಧದಲ್ಲಿ ಸತ್ತವರ ಸಮಾಧಿಗಳ ಕಚೇರಿಯಿಂದ ಇವತ್ತು ಒಂದು ಫಾರಂ ಬಂದಿದೆ. ತಮ್ಮನನ್ನು ಹೂತ ಜಾಗದಲ್ಲಿ ಈಗಿರುವ ಮರದ ಹಲಗೆ ಕಿತ್ತು ಕಲ್ಲು ನಿಲ್ಲಿಸುತ್ತಾರಂತೆ. ಹೆಸರು, ಸೈನ್ಯದ ನಂಬರು, ವಯಸ್ಸು, ತೀರಿಕೊಂಡ ದಿನ, ಇಷ್ಟನ್ನು ಅವರೇ ಕೆತ್ತಿಸುತ್ತಾರೆ. ಅದರ ಕೆಳಗೆ ಒಂದು ಸಾಲು ಮನೆಯವರದು. ಅರವತ್ತು ಅಕ್ಷರ ಮೀರಬಾರದು. ಏಪ್ರಿಲ್ ಹದಿನೈದರೊಳಗೆ ತಲುಪಬೇಕು, ತಲುಪದಿದ್ದರೆ ಆ ಜಾಗವನ್ನು ಖಾಲಿ ಬಿಡಲಾಗುವುದು ಎಂದು ಬರೆದಿದ್ದಾರೆ. ಕಲ್ಲು ನಿಲ್ಲುವುದು ಸಮುದ್ರದ ಆಚೆ, ನಾವಿಬ್ಬರೂ ಈ ಜನ್ಮದಲ್ಲಿ ಹೋಗಲಾರದ ಕಡೆ.

ಅಮ್ಮನಿಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬಾರದು. ನಾನು ಎರಡು ಸಲ ಓದಿ ಹೇಳಿದೆ. ಅವಳು ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದವಳು ಹಲ್ಲಿನಲ್ಲಿ ದಾರ ಕಡಿದು, ಒಂದು ಗಳಿಗೆಯೂ ಯೋಚಿಸದೆ ಹೇಳಿಬಿಟ್ಟಳು.

"ಬರ್ಕೋ. ಯಾರ ಮಾತೂ ಕೇಳದೆ ಹೋದವನು. ಅಷ್ಟೇ ಸಾಕು."

"ಅಮ್ಮ, ಕಲ್ಲಿನ ಮೇಲೆ ಹಾಗೆಲ್ಲ ಬರೆಸ್ತಾರಾ?"

"ಯಾಕೆ, ಸುಳ್ಳಾ? ಬೇಡ ಬೇಡ ಅಂತ ಬಾಯಿ ಬಡ್ಕೊಂಡೆ. ಕೇಳಿದ್ನಾ? ಬಂದೋರು ಓದ್ಲಿ, ತಾಯಿ ಮಾತು ಕೇಳದಿದ್ರೆ ಏನಾಗುತ್ತೆ ಅಂತ."

ಸತ್ತು ಒಂದು ವರ್ಷ ನಾಲ್ಕು ತಿಂಗಳಾದರೂ ಅಮ್ಮ ಅವನನ್ನು ಬೈಯುವುದು ಬಿಟ್ಟಿಲ್ಲ. ಬೈಯುವಾಗ ಮಾತ್ರ ಅವಳ ಮುಖಕ್ಕೆ ಕಳೆ ಬರುತ್ತದೆ. ಅದಕ್ಕೇ ನಾನೂ ತಡೆಯುವುದಿಲ್ಲ.

ಆದರೆ ಆ ಸಾಲು ಸುಳ್ಳು. ನಮ್ಮ ಹೊಲಿಗೆ ಅಂಗಡಿಯ ಈ ಅಳತೆ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇವೆ, ಅಮ್ಮನಿಗೆ ಓದಲು ಬಾರದು, ಆದ್ದರಿಂದ ಇಲ್ಲಿ ಬರೆದೇಬಿಡುತ್ತೇನೆ. ಅವನು ಮಾತು ಕೇಳಿಯೇ ಹೋದ. ನನ್ನ ಮಾತು. ಸೈನ್ಯದ ಭರ್ತಿಯಲ್ಲಿ ಅವನನ್ನು ಮೊದಲನೇ ಸಲ ಎದೆಯ ಅಳತೆ ಸಾಲದೆಂದು ವಾಪಸು ಕಳಿಸಿದ್ದರು. ಎರಡನೇ ಸಲ ತೆಗೆದುಕೊಂಡರು. ಮಧ್ಯದ ಆರು ವಾರ ಅವನಿಗೆ ಟೇಪನ್ನು ಮೋಸ ಮಾಡುವುದು ಹೇಗೆಂದು ಕಲಿಸಿದವಳು ನಾನು. ಅಮ್ಮನಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಅವಳು ನನ್ನ ಮುಖ ನೋಡುವುದಿಲ್ಲ, ಈ ಮನೆಯಲ್ಲಿ ನೋಡಲು ಇರುವುದು ಎರಡೇ ಮುಖ.

ಮಾರ್ಚ್ 5, ಬುಧವಾರ

ನಿನ್ನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಚೆನ್ನಾಗಿಯೇ ಇದ್ದ ದಾರದ ಡಬ್ಬಿಯನ್ನು ಬರಿದು ಮಾಡಿ ಬಣ್ಣದ ಪ್ರಕಾರ ಜೋಡಿಸಿದೆ. ಮತ್ತೆ ಕಲಸಿದೆ.

ತಮ್ಮನನ್ನು ಬೀದಿಯವರೆಲ್ಲ ಕಡ್ಡಿ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷಕ್ಕೆ ಎದೆ ಇಪ್ಪತ್ತೊಂಬತ್ತೂವರೆ ಇಂಚು. ಅವರಿಗೆ ಬೇಕಾಗಿದ್ದದ್ದು ಮೂವತ್ತೊಂದು. ಸೋತು ಬಂದ ದಿನ ಅಮ್ಮನಿಗೆ ಹಿಡಿಸಲಾರದ ಖುಷಿ, ಅವನ ತಟ್ಟೆಗೆ ಎರಡೆರಡು ಸಲ ಬಡಿಸಿದಳು. ಅವನು ಮಾತ್ರ ಅಂಗಡಿಯ ಮೂಲೆಯಲ್ಲಿ ಗೋಡೆ ನೋಡಿಕೊಂಡು ಕೂತ. ನನಗೆ ಅವನ ಮೇಲಿನ ಮರುಕಕ್ಕಿಂತ ನನ್ನ ಅವಮಾನವೇ ದೊಡ್ಡದಾಯಿತು. ಅಪ್ಪನ ಕಾಲದಿಂದ ಊರಿಗೆಲ್ಲ ಅಳತೆ ಹಿಡಿಯುವ ಮನೆ ನಮ್ಮದು. ಆ ಮನೆಯ ಹುಡುಗ ಟೇಪಿಗೆ ಸೋತು ಬರುವುದೆಂದರೇನು!

"ನಾಳೆ ಅಮ್ಮ ಬಟ್ಟೆ ಕೊಡೋಕೆ ಹೋದಾಗ ಬಾ, ನಾನು ಹೇಳಿಕೊಡ್ತೀನಿ" ಎಂದೆ.

ಅಳೆಯುವವನ ಕಣ್ಣು ಯಾವಾಗಲೂ ಟೇಪಿನ ಎರಡು ತುದಿ ಕೂಡುವ ಕಡೆ, ಅಂದರೆ ಮುಂದುಗಡೆ ಇರುತ್ತದೆ. ಬೆನ್ನನ್ನು ಯಾರೂ ನೋಡುವುದಿಲ್ಲ. ಭುಜದ ಹಿಂದಿನ ಎರಡು ಮೂಳೆಗಳನ್ನು ಸ್ವಲ್ಪ ಹೊರಕ್ಕೆ ತಳ್ಳಿ ನಿಂತರೆ ಟೇಪು ಅದರ ಮೇಲೆ ಹಾದು ಮುಕ್ಕಾಲು ಇಂಚು ಅಲ್ಲೇ ಸಿಗುತ್ತದೆ. ಉಳಿದದ್ದು ಉಸಿರಿನ ಕೆಲಸ. ಒಂದೇ ಸಲ ಎಳೆದುಕೊಂಡರೆ ಭುಜ ಮೇಲೇರಿ ಸಿಕ್ಕಿಬೀಳುತ್ತಾನೆ, ಮೂರು ಗುಟುಕಿನಲ್ಲಿ ಹೊಟ್ಟೆಯ ಕೆಳಗಿನಿಂದ ತುಂಬಿಕೊಳ್ಳಬೇಕು. ಅಲ್ಲಿಯವರೂ ಬುದ್ಧಿವಂತರೇ. ಟೇಪು ಸುತ್ತಿ, ನಿನ್ನ ಹೆಸರೇನು ಅನ್ನುತ್ತಾರೆ. ಹೆಸರು ಹೇಳಿದ ಕೂಡಲೇ ಉಸಿರು ಹೋಗುತ್ತದೆ, ಎದೆ ಇಳಿಯುತ್ತದೆ. ಅದಕ್ಕೇ ಉಸಿರು ಬಿಡದೆ ಮಾತಾಡುವುದನ್ನು ಕಲಿಸಿದೆ. ಮೊದಲ ವಾರ ಕಣ್ಣು ಕತ್ತಲೆ ಬಂದು ಬಟ್ಟೆಯ ರಾಶಿಯ ಮೇಲೆ ಬಿದ್ದ. ನಾಲ್ಕನೇ ವಾರ ತನ್ನ ಹೆಸರು, ಅಪ್ಪನ ಹೆಸರು ಹೇಳಿದ. ಐದನೇ ವಾರ ಏಳರ ಮಗ್ಗಿ ಪೂರ್ತಿ ಒಪ್ಪಿಸಿದ, ಟೇಪು ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೆಯ ದಿನ ಮೂವತ್ತೊಂದೂಕಾಲು ಬಂತು.

"ಕಾಲಿಂಚು ಕೊಸರು ಅಕ್ಕಾ!" ಎಂದು ಕುಣಿದ.

ನಾನೂ ನಕ್ಕೆ. ಆಗ ಯುದ್ಧ ಇರಲಿಲ್ಲ. ಇದನ್ನು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯುದ್ಧ ಶುರುವಾದದ್ದು ಅವನು ಹೋಗಿ ಐದು ತಿಂಗಳಿಗೆ. ಹೊಲಿಗೆ ಅವನ ಕೈಗೆ ಹತ್ತಲಿಲ್ಲ, ಸುಮ್ಮನೆ ಅಂಗಡಿಯಲ್ಲಿ ಕೂತು ಬಂದವರನ್ನು ನಗಿಸುತ್ತಿದ್ದ. ಒಂದು ಕೆಲಸ ಆಗಲಿ ಅಂದುಕೊಂಡೆ, ತಪ್ಪೇ?

ಭರ್ತಿಯಾಗಿ ಬಂದಾಗ ಅಮ್ಮ ಕೇಳಿದಳು, ಹೋದ ಸಲ ಸಾಲದಿದ್ದ ಎದೆ ಈಗ ಎಲ್ಲಿಂದ ಬಂತು ಎಂದು. ಅವನು ನನ್ನ ಕಡೆ ನೋಡಲೇ ಇಲ್ಲ. "ನಾನೇ ಕಸರತ್ತು ಮಾಡಿದೆ" ಅಂದ. ಅಮ್ಮ ಅವನ ಜೊತೆ ಮಾತು ಬಿಟ್ಟಳು. ಹೊರಡುವ ದಿನ ಸ್ಟೇಷನ್ನಿಗೆ ಹೋದದ್ದು ನಾನೊಬ್ಬಳೇ.

ಮಾರ್ಚ್ 8, ಶನಿವಾರ

ಹೆಡ್‌ಮಾಸ್ಟರ ಶರ್ಟು ವಾಪಸು ಬಂತು. ಎದೆ ದೊಗಲೆಯಂತೆ. ಔಷಧಿ ಅಂಗಡಿಯವನ ಕೋಟೂ ಮೊನ್ನೆ ಹೀಗೇ ಬಂದಿತ್ತು. ಯುದ್ಧ ಮುಗಿದ ಮೇಲೆ ಜನ ಸೊರಗಿದ್ದಾರೆ, ಅಳತೆ ಕೊಟ್ಟು ಹೋದವರು ಬಟ್ಟೆ ಸಿದ್ಧವಾಗುವಷ್ಟರಲ್ಲಿ ಇನ್ನಷ್ಟು ಇಳಿದಿರುತ್ತಾರೆ. ನಾನೇನು ಮಾಡಲಿ? ಹೊಲಿಗೆ ಬಿಚ್ಚಿ ಎರಡೂ ಬದಿ ಒಳಕ್ಕೆ ತೆಗೆದುಕೊಂಡೆ.

ಅಮ್ಮ ಫಾರಂ ಕೇಳಿದಳು. ಇನ್ನೂ ದಿನ ಇದೆ ಎಂದೆ.

ಮಾರ್ಚ್ 14, ಶುಕ್ರವಾರ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ದಾರಿ ಒಂದು ಹೊಳೆಯಿತು.

ಫಾರಂ ತುಂಬುವವಳು ನಾನು. ಓದಿ ಹೇಳುವವಳೂ ನಾನು. ಅಮ್ಮ ಹೇಳಿದ್ದನ್ನೇ ಬರೆಯಬೇಕೆಂದು ಯಾರು ಕಾವಲು ಕೂತಿದ್ದಾರೆ? ಪೆನ್ಸಿಲ್ಲಿನಲ್ಲಿ ಬರೆದೆ: "ಇಲ್ಲಿ ಶಾಂತಿಯಿಂದ ಮಲಗಿದ್ದಾನೆ." ಇಂಥ ಸಾಲು ಯಾರಿಗೂ ಕೆಡುಕು ಮಾಡುವುದಿಲ್ಲ. ಮಧ್ಯಾಹ್ನ ಅಮ್ಮ, "ಬರೆದ್ಯಾ, ಓದು ನೋಡೋಣ" ಎಂದಾಗ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ, "ಯಾರ ಮಾತೂ ಕೇಳದೆ ಹೋದವನು" ಎಂದು ಓದಿದೆ. ನಾಲಿಗೆ ತೊದಲಲಿಲ್ಲ.

ಅಮ್ಮ ತಲೆಯಾಡಿಸಿದಳು. "ಇನ್ನೊಂದ್ಸಲ ಓದು." ಓದಿದೆ. "ಇನ್ನೊಂದ್ಸಲ."

ಮೂರನೇ ಸಲ ಓದುವಾಗ ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಏನೋ ನೆಪ ಹೇಳಿ ಎದ್ದುಹೋಗಿ ಹಿತ್ತಲಲ್ಲಿ ನಿಂತೆ.

ಮಾರ್ಚ್ 15, ಶನಿವಾರ

ಶಾಂತಿಯಿಂದಂತೆ. ಒಂದೇ ಕೋಣೆಯಲ್ಲಿ ಹದಿನೈದು ವರ್ಷ ಮಲಗಿದವಳು ನಾನು, ನಿದ್ದೆಯಲ್ಲಿ ಅವನಿಂದ ಒದೆಸಿಕೊಳ್ಳದ ದಿನವಿಲ್ಲ. ಪೆನ್ಸಿಲ್ ಸಾಲನ್ನು ಅಳಿಸಿದೆ. ಮತ್ತೆ ಅದನ್ನೇ ಬರೆದೆ.

ಮಾರ್ಚ್ 20, ಗುರುವಾರ

ಇವತ್ತು ಸೈನ್ಯದಲ್ಲಿ ತಮ್ಮನ ಜೊತೆ ಇದ್ದವನೊಬ್ಬ ಬಂದಿದ್ದ. ಈಗ ಲಾರಿ ಓಡಿಸುತ್ತಾನೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಎಡಗಾಲು ಸ್ವಲ್ಪ ಎಳೆಯುತ್ತಾನೆ. ಬಂದವನೇ ಗೋಡೆಯ ಮೇಲಿನ ಫೋಟೋ ನೋಡಿ, "ಕಡ್ಡಿ" ಎಂದು ಅಲ್ಲೇ ನಿಂತುಬಿಟ್ಟ. ಸಮುದ್ರದ ಆಚೆಯೂ ಅವನು ಕಡ್ಡಿಯೇ ಆಗಿದ್ದನೆಂದು ನಮಗೆ ಗೊತ್ತಿರಲಿಲ್ಲ.

ಅಮ್ಮ ಅವನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ ಎದುರಿಗೆ ನೆಲದ ಮೇಲೆ ಕೂತಳು.

"ನಮ್ಮ ಕಂಪನಿಗೆಲ್ಲ ಅವನೇ ದರ್ಜಿ ಅಮ್ಮ. ಗುಂಡಿ ಕಿತ್ರೆ ಕಡ್ಡಿ ಹತ್ರ, ತೋಳು ಹರಿದ್ರೆ ಕಡ್ಡಿ ಹತ್ರ. ಸಾಹೇಬರ ಪ್ಯಾಂಟಿಗೆ ಅವನು ಹಾಕಿದ ತೇಪೆ ಹುಡುಕೋಕೆ ನಾವು ಬಾಜಿ ಕಟ್ತಿದ್ವಿ, ಸಿಗ್ತಿರಲಿಲ್ಲ."

"ಸುಳ್ಳು ಹೇಳಬೇಡಪ್ಪ! ಇಲ್ಲಿ ಒಂದು ಗುಂಡಿ ಹೊಲಿ ಅಂದ್ರೆ ಹಿತ್ತಲ ಬಾಗಿಲಿಂದ ಓಡ್ತಿದ್ದ."

"ದೇವರಾಣೆ ಅಮ್ಮ. ಹೊಲೀತಾ ಹೊಲೀತಾ ನಿಮ್ಮ ಥರಾನೇ ಬೈತಿದ್ದ. 'ಏನ್ ಮೈಯೋ ನಿಂದು, ಗೋಣಿಚೀಲದಲ್ಲಿ ಹೊಲಿಸ್ಕೋ ಹೋಗು' ಅಂತ."

ಅಮ್ಮ ನಕ್ಕಳು. ಒಂದು ವರ್ಷ ನಾಲ್ಕು ತಿಂಗಳಲ್ಲಿ ಆ ನಗು ನಾನು ಕೇಳಿರಲಿಲ್ಲ. ಆಮೇಲೆ ಅವಳೇ ಕೇಳಿದಳು, ಹೇಗಾಯಿತು ಹೇಳು, ಮುಚ್ಚಿಡಬೇಡ ಎಂದು.

ಟೆಲಿಫೋನ್ ತಂತಿ ಎಳೆಯುವ ಕೆಲಸ ಅವರದು. ರಸ್ತೆಯ ಮೇಲೆ ತಲೆ ಎತ್ತುವ ಹಾಗಿರಲಿಲ್ಲ. ರಸ್ತೆಯ ಕೆಳಗೆ ನೀರು ಹೋಗುವ ಸಿಮೆಂಟಿನ ಕೊಳವೆ ಒಂದಿತ್ತು, ಅದರೊಳಗಿಂದ ತಂತಿ ಆಚೆ ದಾಟಿಸಬೇಕು. ಬೇರೆ ಯಾರ ಭುಜವೂ ಅದರೊಳಗೆ ಹಿಡಿಸಲಿಲ್ಲ. ಅವನು ಅಂಗಿ ಬಿಚ್ಚಿಟ್ಟು, ತಂತಿಯ ತುದಿ ಸೊಂಟಕ್ಕೆ ಕಟ್ಟಿಕೊಂಡು ಹೋದ, ಆಚೆ ಕೊಟ್ಟು ವಾಪಸು ಬಂದ. ಸಂಜೆ ಹೊತ್ತಿಗೆ ತಂತಿ ಕಡಿದಿತ್ತು. ಮತ್ತೆ ಹೋದ. ಆಗ ರಸ್ತೆಯ ಮೇಲೆ ಶೆಲ್ ಬಿತ್ತು. ಮಣ್ಣು ತೆಗೆಯಲು ಮೂರು ಗಂಟೆ ಹಿಡಿಯಿತಂತೆ.

"ನಾವೇ ಏಳು ಜನ ಸೇರಿ ರಸ್ತೆ ಪಕ್ಕದಲ್ಲಿ ಮಣ್ಣು ಮಾಡಿದ್ವಿ ಅಮ್ಮ. ಆಮೇಲೆ ದೊಡ್ಡ ಜಾಗಕ್ಕೆ ಸಾಗಿಸಿದ್ರು. ಚೆನ್ನಾಗಿ ಇಟ್ಕೊಂಡಿದ್ದಾರೆ, ಸಾಲಾಗಿ."

"ನೋವಾಯ್ತಾ ಅವನಿಗೆ?"

"ಇಲ್ಲಮ್ಮ. ಅವನಿಗೆ ಗೊತ್ತೇ ಆಗಿಲ್ಲ."

"ಸುಳ್ಳು ಹೇಳ್ತಿದ್ದೀಯ. ಇರ್ಲಿ ಬಿಡು, ಟೀ ಕುಡಿ" ಎಂದಳು ಅಮ್ಮ.

ಲೋಟ ಕೆಳಗಿಟ್ಟು ಅವನು ನನ್ನ ಕಡೆ ತಿರುಗಿದ. ಮುಖ ಅರಳಿತು. "ಅಕ್ಕ ಅಂದ್ರೆ ನೀವೇ ಅಲ್ವಾ? ನಿಮ್ಮ ಅಳತೆ ಕಥೆ ನಮ್ಮಲ್ಲಿ..." ನಾನು ಬೇಕೆಂದೇ ದೊಡ್ಡ ಕತ್ತರಿಯನ್ನು ನೆಲಕ್ಕೆ ಬೀಳಿಸಿದೆ. ಅದರ ಸದ್ದಿಗೆ ಅವನು ಶೆಲ್ ಬಿದ್ದ ಹಾಗೆ ಬಗ್ಗಿಬಿಟ್ಟ, ಪಾಪ. ಲಾರಿ ಎಲ್ಲಿ ನಿಲ್ಲಿಸಿದ್ದೀಯ, ತೋರಿಸು ಬಾ ಎಂದು ಅವನನ್ನು ಬೀದಿಗೆ ಎಳೆದುಕೊಂಡು ಹೋದೆ.

"ಅಮ್ಮನಿಗೆ ಗೊತ್ತಿಲ್ಲಪ್ಪ. ದಯವಿಟ್ಟು ಹೇಳಬೇಡ."

ಅವನು ಬಾಯಿ ತೆರೆದುಕೊಂಡು ನಿಂತ. "ಗೊತ್ತಿಲ್ವಾ? ನಮ್ಮ ನಲವತ್ತು ಜನಕ್ಕೂ ಗೊತ್ತಲ್ಲ ಅಕ್ಕಾ. ಉಸಿರು ಕಟ್ಟಿ ಮಗ್ಗಿ ಹೇಳು ಅಂತ ಅವನನ್ನ ದಿನಾ ಕಾಡ್ತಿದ್ವಿ. ಹೇಳಿ ತೋರಿಸ್ತಿದ್ದ. ನಮ್ಮಕ್ಕನಂಥ ಕೈ ಇಡೀ ದೇಶದಲ್ಲಿಲ್ಲ ಅಂತಿದ್ದ."

ಅವನು ಲಾರಿಯ ಬಾಗಿಲು ತೆರೆದು ಮತ್ತೆ ಹೇಳಿದ. "ಟಪಾಲು ಬಂದಾಗೆಲ್ಲ ಅವನು ಒಂದೇ ಮಾತು ಹುಡುಕ್ತಿದ್ದ. ಅಮ್ಮ ತಾನಾಗೇ ಏನಾದ್ರೂ ಬರೆಸಿದ್ದಾಳಾ ಅಂತ. ನಾನೊಂದು ದಿನ ಅಂದೆ, 'ಲೋ, ಅಕ್ಕ ಹೇಳಿಕೊಟ್ಲು ಅಂತ ನಿಜ ಬರೆದುಬಿಡು, ಅಮ್ಮನ ಸಿಟ್ಟು ಇಳಿಯುತ್ತೆ' ಅಂತ. 'ಬೇಡ, ನಾನು ದೂರ ಇದ್ದೀನಿ, ನನಗೆ ಬೈಗುಳ ತಾಗಲ್ಲ. ಅಕ್ಕ ಅಲ್ಲೇ ಇರ್ಬೇಕಲ್ಲ' ಅಂದ."

ಮುಂದಿನ ತಿಂಗಳು ಇದೇ ದಾರಿಯಲ್ಲಿ ಬರುತ್ತಾನಂತೆ. ಕೈ ಮುಗಿದು ಹೋದ.

ಮಾರ್ಚ್ 21, ಶುಕ್ರವಾರ

ನಾನು ಊದಿಸಿ ಕಳಿಸಿದ ಎದೆ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ಇಪ್ಪತ್ತೊಂಬತ್ತೂವರೆಯೇ.

ಇವತ್ತು ಕತ್ತರಿಸಲು ಕೂತ ಬಟ್ಟೆಯನ್ನು ಹಾಗೇ ಮಡಿಸಿಟ್ಟೆ. ಮೂರು ಸಲ ಅಂಚೆ ಕಚೇರಿಯ ತನಕ ಹೋಗಿ ಬಂದೆ. ಕೈಯಲ್ಲಿ ಏನೂ ಇರಲಿಲ್ಲ.

ಮಾರ್ಚ್ 25, ಮಂಗಳವಾರ

ಹೇಳಿಬಿಡೋಣವೆಂದು ಬೆಳಿಗ್ಗೆ ನಿರ್ಧಾರ ಮಾಡಿದೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಅಮ್ಮ, ನಿಂಗೊಂದು ಮಾತು ಹೇಳ್ಬೇಕು."

"ಗೊತ್ತು ಬಿಡು."

"ಏನು ಗೊತ್ತು?"

"ಹೆಡ್‌ಮಾಸ್ಟರ ಹೆಂಡ್ತಿ ಹೇಳಿದ್ಲು. ಎರಡನೇ ಸಲಾನೂ ಶರ್ಟು ಸರಿಬಂದಿಲ್ಲವಂತೆ. ನಿನ್ನ ಕಣ್ಣು ಮಂಜಾಗಿದೆ ಕಣೇ, ಡಾಕ್ಟರ್ ಹತ್ರ ತೋರಿಸ್ಕೋ."

ಆಯಿತು ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗತಿ ನನ್ನದು. ಲಾರಿಯವನು ಹೇಳಿದ ಮಾತುಗಳನ್ನು ಅಮ್ಮ ಎದುರುಮನೆಯವಳಿಗೆ ಹೇಳುತ್ತಿದ್ದರೆ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ, ನನ್ನ ಹೆಸರು ಎಲ್ಲಿ ಬರುತ್ತದೋ ಎಂದು. ಬರುವುದಿಲ್ಲ. ಬಾರದಿದ್ದರೂ ಸಮಾಧಾನವಿಲ್ಲ.

ಮಾರ್ಚ್ 29, ಶನಿವಾರ

ಅಮ್ಮನಿಗೆ ಹೇಳುವುದು ಬೇಡ. ಅರವತ್ತಕ್ಕೆ ಹತ್ತಿರವಾದ ಜೀವ. ಇರುವ ಒಬ್ಬಳು ಮಗಳ ಮೇಲೂ ಮನಸ್ಸು ಕೆಟ್ಟರೆ ಅವಳಿಗೆ ಯಾರು? ಅವಳಿಗಾಗಿಯೇ ಸುಮ್ಮನಿರುತ್ತೇನೆ.

ಮೇಲಿನ ಸಾಲುಗಳನ್ನು ಓದಿದೆ. ಅವಳಿಗಾಗಿಯಂತೆ. ತಮ್ಮನೂ ನನ್ನ ಹಾಗೇ ಯೋಚಿಸಿದ್ದರೆ ಬೈಗುಳವನ್ನು ನನ್ನ ತಲೆಗೆ ಕಟ್ಟಿ ಹಾಯಾಗಿ ಇರುತ್ತಿದ್ದ.

ಏಪ್ರಿಲ್ 2, ಬುಧವಾರ

ಹೇಳಿದೆ.

ಹೇಳಬೇಕೆಂದು ಹೇಳಿದ್ದಲ್ಲ. ಊಟವಾದ ಮೇಲೆ ಅಮ್ಮ, "ಪೆನ್ಸಿಲ್ಲು ಅಳಿಸ್ಕೊಂಡು ಹೋಗುತ್ತೆ, ಇಂಕಲ್ಲಿ ತಿದ್ದು, ಸಹಿ ಹಾಕ್ತೀನಿ, ಇವತ್ತೇ ಹೋಗ್ಲಿ" ಎಂದು ಪಟ್ಟು ಹಿಡಿದಳು. ಕಟ್ ಮಾಡುವ ಮೇಜಿನ ಮೇಲೆ ಫಾರಂ ಹರಡಿದೆ. ಇನ್ನೂ ಇಂಕಿನಲ್ಲಿ ತಿದ್ದಿರಲಿಲ್ಲ, ಅಷ್ಟರಲ್ಲಿ ಅವಳು ಕನ್ನಡಕ ಹಾಕಿಕೊಂಡು, ಪೆನ್ನನ್ನು ಸೂಜಿ ಹಿಡಿದ ಹಾಗೆ ಹಿಡಿದು, ಸಹಿಯ ಗೆರೆಯನ್ನು ಹುಡುಕಿಕೊಂಡು ಬಗ್ಗಿದಳು. ಮೇಲೆ ಏನು ಬರೆದಿದೆಯೆಂದು ಅವಳಿಗೆ ಗೊತ್ತಿಲ್ಲ. ನನ್ನನ್ನು ನಂಬಿದ್ದಾಳೆ. ತನ್ನ ಮಗನ ಕಲ್ಲಿಗೆ ತನ್ನ ಕೈಯಿಂದ ಸಹಿ ಹಾಕುತ್ತಿದ್ದಾಳೆ, ಅದರಲ್ಲಿ ಅವಳ ಮಾತು ಒಂದೂ ಇಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ಅಲ್ಲಿ ನೀನು ಹೇಳಿದ್ದು ಬರೆದಿಲ್ಲಮ್ಮ. ಬೇರೆ ಬರೆದಿದ್ದೀನಿ."

"ಯಾಕೆ?"

"ನೀನು ಹೇಳಿದ್ದು ನಿಜ ಅಲ್ಲ. ಅವನು ಮಾತು ಕೇಳಿದ. ನಾನು ಹೇಳಿಕೊಟ್ಟೆ, ಅವನು ಹೋದ."

ಎಲ್ಲ ಹೇಳಿದೆ. ಆರು ವಾರ, ಮಗ್ಗಿ, ಕಾಲಿಂಚು ಕೊಸರು. ಲಾರಿಯವನು ಬೀದಿಯಲ್ಲಿ ಹೇಳಿದ್ದನ್ನೂ ಹೇಳಿದೆ. ಮಧ್ಯದಲ್ಲಿ ಎಲ್ಲೋ ನನ್ನ ಅಳು ಶುರುವಾಗಿತ್ತು. ಅಮ್ಮ ಅಳಲಿಲ್ಲ. ಕನ್ನಡಕ ತೆಗೆದಿಟ್ಟು, "ಒಂದೂವರೆ ಇಂಚು ಹೇಗೆ ಬಂತು?" ಎಂದು ಕೇಳಿದಳು, ಗಿರಾಕಿಯ ಬಟ್ಟೆ ಕೆಟ್ಟಾಗ ಕೇಳುವ ಧಾಟಿಯಲ್ಲಿ.

"ಅರ್ಧ ಉಸಿರು. ಅರ್ಧ ಬೆನ್ನು."

"ಬೆನ್ನು" ಎಂದಳು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಎದ್ದು ಒಳಗೆ ಹೋದಳು.

ಏಪ್ರಿಲ್ 3, ಗುರುವಾರ

ಮಾತಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತಿಗೆ ನಾಲ್ಕು ದಿನ. ತಟ್ಟೆ ಇಡುತ್ತಾಳೆ, ಬಡಿಸುತ್ತಾಳೆ, ನನ್ನ ಬಟ್ಟೆಯನ್ನೂ ಒಗೆದು ಹಾಕುತ್ತಾಳೆ. ಮಾತು ಮಾತ್ರ ಇಲ್ಲ. ನನಗೇನಾದರೂ ಹೇಳಬೇಕಿದ್ದರೆ ಬೆಕ್ಕಿಗೆ ಹೇಳುತ್ತಾಳೆ. "ಸೋಪು ಮುಗಿದಿದೆ, ತರೋರು ಇದ್ರೆ ತರ್ಲಿ" ಎಂದಳು ಇವತ್ತು, ಬೆಕ್ಕು ಅವಳ ಮುಖ ನೋಡಿತು. ಬೇರೆ ಸಂದರ್ಭವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಬೈದರೆ ಸಾಕಾಗಿತ್ತು. ಬೈಗುಳವನ್ನು ನುಂಗಿಕೊಂಡು ಕೂತಿದ್ದಾಳೆ. ತಮ್ಮನ ಮೇಲೂ ಬಂದಿಲ್ಲ ಒಂದು ಮಾತು. ಬೆಳಗಿನಿಂದ ಸಂಜೆಯ ತನಕ ಅವನನ್ನು ಬೈಯದ ಮನೆಯನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಕೆಲಸ ಬೇಕಾದಷ್ಟು ಇದೆ. ಹೆಡ್‌ಮಾಸ್ಟರಿಗೆ ಹೊಸ ಬಟ್ಟೆ ತಂದು ಶರ್ಟನ್ನು ಮೊದಲಿನಿಂದ ಹೊಲಿದುಕೊಟ್ಟೆ, ಸರಿಯಾಗಿದೆಯಂತೆ. ಈ ವಾರ ಯಾವುದೂ ವಾಪಸು ಬಂದಿಲ್ಲ. ಸೊರಗಿದ್ದ ಜನ ಮತ್ತೆ ಮೈ ಹಿಡಿಯುತ್ತಿರಬೇಕು.

ಇನ್ನು ಒಂಬತ್ತು ದಿನ. ಫಾರಂ ಮೇಜಿನ ಮೇಲೆಯೇ ಇದೆ, ಅವಳು ಇಟ್ಟ ಪೆನ್ನೂ ಹಾಗೇ ಇದೆ. ನಾನಾಗಿ ಮುಟ್ಟುವುದಿಲ್ಲ. ಜಾಗ ಖಾಲಿ ಉಳಿಯುವುದಾದರೆ ಉಳಿಯಲಿ, ಇನ್ನು ಅವಳ ಹೆಸರಿನಲ್ಲಿ ನಾನು ಬರೆಯುವುದಿಲ್ಲ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಮೆಷಿನ್ ತುಳಿಯುತ್ತಿದ್ದೆ. ಅಮ್ಮ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಅವಳು ಯಾವತ್ತೂ ಕೂತವಳಲ್ಲ.

"ಮೆಷಿನ್ ನಿಲ್ಸು" ಎಂದಳು. ನಿಲ್ಲಿಸಿದೆ.

"ನೀನು ಹೇಳಿಕೊಟ್ಟಿದ್ದಕ್ಕೇ ಅವನು ಸತ್ತ ಅಂತ ನಾನು ಅನ್ನಲ್ಲ. ಅಲ್ಲಿ ಮಣ್ಣಾದ ಮಕ್ಕಳಿಗೆಲ್ಲ ಅಕ್ಕಂದಿರು ಅಳತೆ ಹೇಳಿಕೊಟ್ಟಿದ್ರಾ? ಇಲ್ವಲ್ಲ. ಎಂಟು ದಿನ ಯೋಚನೆ ಮಾಡಿದೆ. ಅದನ್ನ ನಿನ್ನ ತಲೆಗೆ ಕಟ್ಟಲ್ಲ."

ನಾನು ಉಸಿರು ಬಿಟ್ಟೆ. ತೀರಾ ಬೇಗ ಬಿಟ್ಟೆ.

"ಆದ್ರೆ ಕೇಳು. ಅವನು ಹೊರಟ ದಿನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. 'ಅಮ್ಮ, ಹೋಗಿ ಬರ್ತೀನಿ' ಅಂತ. ನೀನು ಆಗ್ಲೇ ಬೀದಿಗೆ ಇಳಿದಿದ್ದೆ, ನಿಂಗೆ ಕೇಳಿಸಿಲ್ಲ. ನಂಗೆ ಕೇಳಿಸ್ತು. ನಾನು ಒಲೆ ಮುಂದೆ ಕೂತು ಕಿವುಡಿ ಥರ ಪಾತ್ರೆ ತಿಕ್ಕಿದೆ. ನನ್ನ ಮಾತು ಮೀರಿದ ಮಗನಿಗೆ ಏನು ಹೇಳೋದು ಅಂತ. ನಾಲ್ಕನೇ ಸಲ ಕೂಗಿದ್ರೆ ಎದ್ದು ಹೋಗೋಣ ಅಂತ ಕಾದೆ. ಕೂಗಲಿಲ್ಲ, ಹೊರಟುಬಿಟ್ಟ."

ಅವಳ ಕೈ ಮಡಿಲಲ್ಲಿ ಸೀರೆಯ ಅಂಚನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು.

"ಅವತ್ತೇ ನೀನು ಬಾಯಿ ಬಿಟ್ಟಿದ್ರೆ, ಸಿಟ್ಟೆಲ್ಲ ನಿನ್ನ ಮೇಲೆ ಹಾಕಿ, ನಿನ್ನ ಕೆನ್ನೆಗೆ ಎರಡು ಕೊಟ್ಟು, ಅವನ ಕೈ ಹಿಡ್ಕೊಂಡು ಸ್ಟೇಷನ್ನಿಗೆ ಹೋಗಿರ್ತಿದ್ದೆ ಕಣೇ. ಅದನ್ನ ಕಿತ್ಕೊಂಡೆ ನೀನು. ಅವನಿಂದಾನೂ, ನನ್ನಿಂದಾನೂ."

ಇಷ್ಟು ದಿನ ನಾನು ಹೆದರಿದ್ದು ಒಂದಕ್ಕೆ, ಬಂದು ಬಡಿದದ್ದು ಇನ್ನೊಂದು. ಆಗ ಯುದ್ಧ ಇರಲಿಲ್ಲ ಎಂದು ಇದಕ್ಕೆ ಹೇಳಲು ಬರುವುದಿಲ್ಲ. ತಪ್ಪಾಯಿತಮ್ಮ ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ.

"ಫಾರಂ ತಗೋ. ಅದನ್ನೆಲ್ಲ ಅಳಿಸು. ನಾನು ಹೇಳ್ತೀನಿ, ಹಾಗೇ ಬರಿ, ಒಂದಕ್ಷರ ಆಚೆ ಈಚೆ ಮಾಡಬೇಡ."

ಅಳಿಸಿದೆ. ಪೆನ್ನು ತೆಗೆದೆ. ಅಮ್ಮ ಬಾಗಿಲ ಕಡೆ ತಿರುಗಿಕೊಂಡು, ಅಲ್ಲಿ ಯಾರೋ ನಿಂತಿರುವ ಹಾಗೆ, ಗಟ್ಟಿಯಾಗಿ ಹೇಳಿದಳು.

"ಅಮ್ಮ ಬಂದಿದ್ದೀನಿ ಮಗನೇ. ಹೋಗಿ ಬಾ."

ಬರೆದೆ. "ಅಮ್ಮ, ತೀರಿಕೊಂಡವರಿಗೆ ಹೋಗಿ ಬಾ ಅಂತ ಬರೆದ್ರೆ, ಆ ಕಚೇರಿಯವರು ಏನಾದ್ರೂ..."

"ನಾನು ಅವನಿಗೆ ಹೇಳೋದು ಉಳಿದಿರೋದು ಅದೊಂದೇ. ಕಚೇರಿಯವರಿಗೇನು?"

ಸಹಿ ಹಾಕಿದಳು. ಇಂಕು ಆರುವ ತನಕ ಊದಿದಳು. ಲಕೋಟೆ ಅಂಟಿಸಿ ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು ಬಂದಿದ್ದಳು. ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ಮುಂದೆ ನಡೆದಳು. ಅಂಚೆ ಕಚೇರಿಯ ತನಕ ಇಬ್ಬರೂ ಹೋದೆವು. ದಾರಿಯಲ್ಲಿ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ, ಬಂದ ಮೇಲೂ ಆಡಿಲ್ಲ.